ಗುರುವಾರದ ಚಾಳೀಸ

ಸೂರ್ಯನು ದಿನಕ್ಕೊಮ್ಮೆ ಮುಳುಗುವುದು ಸರಕಾರಿ ಕೆಲಸಕ್ಕೆ ದೊಡ್ಡ ಅಡ್ಡಿ ಎಂದು ಮೊದಲು ಕಂಡುಹಿಡಿದವರು ನಮ್ಮ ಸೂರ್ಯಕಾಂತ ಸಾಹೇಬರು. ಅವರು ಚಂದಾಪುರದ ಬೀಜದ ಫಾರ್ಮಿಗೆ ಹೊಸದಾಗಿ ಬಂದ ಅಧಿಕಾರಿ. ವಯಸ್ಸು ಇಪ್ಪತ್ತೆಂಟು. ನಾನು, ಲಾಲ್ ಅಹ್ಮದ್, ಅದೇ ಫಾರ್ಮಿನ ಹಳೆಯ ಮಾಳಿ. ಫಾರ್ಮು ಮೊದಲು ಹೈದರಾಬಾದ್ ಸರಕಾರದ್ದಾಗಿತ್ತು, ಆಮೇಲೆ ಮೈಸೂರಿನದಾಯಿತು, ಈಗ ಮೂರು ವರ್ಷದಿಂದ ಕರ್ನಾಟಕದ್ದು. ಮೂರೂ ಸರಕಾರಗಳಿಗೆ ನೀರು ಹಾಕಿದವನು ನಾನೇ.

ಸಾಹೇಬರು ಹಳೆಯ ಗೊಬ್ಬರದ ಗೋಡೌನಿನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿದರು. ಒಳಗೆ ಸುಣ್ಣ ಬಳಿಸಿ, ಮೇಲೆ ಹದಿನಾರು ಟ್ಯೂಬ್‌ಲೈಟು ಹಾಕಿಸಿ, ನಡುನಡುವೆ ಬಸ್ ಸ್ಟ್ಯಾಂಡಿನ ಕಂಬದಲ್ಲಿ ಇರುವಂಥ ನಾಲ್ಕು ಮರ್ಕ್ಯುರಿ ದೀಪ ತೂಗುಹಾಕಿಸಿದರು. ಕೆಳಗೆ ಹಲಗೆಗಳ ಮೇಲೆ ತೊಗರಿ ಸಸಿಗಳ ಕುಂಡಗಳು. ಹೊರಗೆ ರೈತರು ತೊಗರಿ ಕೊಯ್ದು ರಾಶಿ ಮಾಡಿ ಮನೆಗೆ ಹೋಗಿದ್ದರು. ಒಳಗೆ ನಾವು ಹೊಸ ತೊಗರಿಗೆ ಆಗತಾನೇ ಬೆಳಗು ಮಾಡುತ್ತಿದ್ದೆವು. ವರ್ಷಕ್ಕೊಮ್ಮೆ ಬರುವ ತೊಗರಿಯನ್ನು ವರ್ಷಕ್ಕೆ ಮೂರು ಸಲ ಹುಟ್ಟಿಸುವುದಾಗಿ ಸಾಹೇಬರು ಮೇಲಿನ ಕಚೇರಿಗೆ ಬರೆದುಕೊಟ್ಟಿದ್ದರು.

ಆ ಕೋಣೆಯಲ್ಲಿ ಇಡೀ ದಿನ ಇರಲು ಒಬ್ಬ ಮನುಷ್ಯ ಬೇಕಾಗಿತ್ತು. ಕಣ್ಣು ಕುಕ್ಕುವ ಬೆಳಕು, ಒಲೆಯ ಮುಂದೆ ಕೂತಂಥ ಬಿಸಿ. ಯಾರೂ ಒಪ್ಪಲಿಲ್ಲ. ನಾನು ಒಪ್ಪಿದೆ. ನನ್ನ ಹೆಂಡತಿ ತಾಜುನ್ನಿಸಾ ತೀರಿಕೊಂಡು ಆಗ ನಾಲ್ಕು ದಿನವಾಗಿತ್ತು.

ತಾಜುನ್ನಿಸಾ ಮಾತಿನವಳು. ಮುಂಜಾನೆ ಒಲೆ ಹೊತ್ತಿಸುವಾಗ ಶುರುವಾದರೆ ನಾನು ಚಾದರ ಹೊದೆಯುವವರೆಗೂ ಮಾತು. ಓಣಿಯಲ್ಲಿ ಯಾರ ಆಡು ಈಯಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಕಾಳಗಿಯ ಬಸ್ಸು ಇವತ್ತು ಎಲ್ಲಿ ಕೆಟ್ಟು ನಿಂತಿತು, ಎಲ್ಲಾ ನನಗೆ ತಲುಪುತ್ತಿತ್ತು. ಮೂವತ್ತೊಂದು ವರ್ಷ ನಾನು 'ಹ್ಞೂಂ' ಎಂಬ ಒಂದೇ ಶಬ್ದದಿಂದ ಸಂಸಾರ ನಡೆಸಿದೆ. ಅಲ್ಲಾಹನು ನಮಗೆ ಮಕ್ಕಳನ್ನು ಕೊಡಲಿಲ್ಲ. ಮನೆ ತುಂಬ ಮಾತು ಕೊಟ್ಟಿದ್ದನು. ಅದನ್ನೂ ಹಿಂದಕ್ಕೆ ತೆಗೆದುಕೊಂಡ ಮೇಲೆ ಗೋಡೆಯ ಮೇಲೆ ನೊಣ ಕೂತರೂ ನನಗೆ ಕೇಳಿಸುತ್ತಿತ್ತು. ದೀಪದ ಕೋಣೆಯಲ್ಲಿ ಹಾಗಲ್ಲ. ಟ್ಯೂಬ್‌ಲೈಟಿನ ಹದಿನಾರು ಚೋಕುಗಳು ಒಟ್ಟಿಗೆ ಗುಂಯ್ ಎನ್ನುತ್ತಿದ್ದವು. ನಾನು ಕುಂಡಗಳಿಗೆ ನೀರು ಹಾಕುತ್ತ 'ಹ್ಞೂಂ' ಎನ್ನುತ್ತಿದ್ದೆ.

ನಸುಕಿನ ಫಜರ್ ನಮಾಜು ಮುಗಿಸಿ ಹೋದರೆ ಸಂಜೆಯ ಮಗ್ರಿಬ್ ಹೊತ್ತಿಗೆ ಹೊರಗೆ ಬರುತ್ತಿದ್ದೆ. ಆಯಿತವಾರವೂ ಹೋಗುತ್ತಿದ್ದೆ. ಸಾಹೇಬರು ನನ್ನ ಕರ್ತವ್ಯನಿಷ್ಠೆ ಮೆಚ್ಚಿ ಕಚೇರಿಯ ಗೋಡೆಗೆ ನನ್ನ ಹೆಸರು ಬರೆದ ಹಾಳೆ ಅಂಟಿಸಿದರು. ಈ ನಿಷ್ಠೆ ಯಾವ ಜಾತಿಯದೆಂದು ನಾನು ಅವರಿಗೆ ಬಿಡಿಸಿ ಹೇಳಲಿಲ್ಲ.

ಮೂರು ವಾರಕ್ಕೆ ನನ್ನ ಕಣ್ಣು ಒಣಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದವು. ಒಂದೇ ಸವನೆ ನೀರು ಸುರಿಯುತ್ತಿತ್ತು. ಒಂದು ಮುಂಜಾನೆ ಸಾಹೇಬರು ಬಾಗಿಲಲ್ಲೇ ನನ್ನನ್ನು ತಡೆದರು.

"ಕಾಕಾ, ಕಣ್ಣು ಹ್ಯಾಂಗಾಗ್ಯಾವ ನೋಡಿಕೊಂಡೀರೇನು?"

"ನನ್ನ ಕಣ್ಣು ನನಗ ಹ್ಯಾಂಗ ಕಾಣ್ತಾವ್ರಿ, ಸಾಹೇಬ್ರ?"

"ಮಾತಿಗಿ ಕಡಿಮಿ ಇಲ್ಲ. ಗಾಗಲ್ ಇಲ್ದ ಇನ್ನ ಈ ಕೋಣಿಗಿ ಬಿಡಂಗಿಲ್ಲ. ಮುಂದಿನ ವಾರ ಬಿಟ್ಟು ಆಚಿ ಗುರುವಾರ ದೊಡ್ಡ ಸಾಹೇಬ್ರು ತಪಾಸಣಿಗಿ ಬರ್ತಾರ. ಅಷ್ಟರಾಗ ಛಲೋ ಗಾಗಲ್ ನೋಡಿಕೊಳ್ರಿ. ಇಲ್ಲಾಂದ್ರ ನಿಮಗ ಗೇಟಿನ ಮ್ಯಾಲೆ ಹಾಕ್ತೀನಿ. ಎರಡು ಗಂಟಿಗಿ ಬಿಟ್ಟು ಮನಿಗಿ ಹೋಗಿ ಆರಾಮ ಮಾಡ್ರಿ."

ಎರಡು ಗಂಟೆಗೆ ಮನೆ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಯೂ ನನಗೆ ಇಷ್ಟು ದೊಡ್ಡ ಶಿಕ್ಷೆ ಹೇಳಿರಲಿಲ್ಲ. ನಾನು ಅದೇ ಕ್ಷಣದಿಂದ ಗಾಗಲ್ ಹುಡುಕಲು ಹೊರಟೆ.

ಮೊದಲು ಸಿಕ್ಕಿದ್ದು ಭೀಮಶ್ಯಾನ ಕಡೆಯಿಂದ. ಭೀಮಶ್ಯಾ ಫಾರ್ಮಿನ ನೀರಿನ ಪಂಪು ನಡೆಸುವವನು. ಅವನ ಅಳಿಯ ಶಹಾಬಾದಿನಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಭೀಮಶ್ಯಾ ಊರಿಗೆ ಹೋಗಿ ಬರುವಾಗ ವೆಲ್ಡಿಂಗಿನ ಕಪ್ಪು ಗಾಗಲ್ ತಂದುಕೊಟ್ಟ. ಅದನ್ನು ಹಾಕಿಕೊಂಡು ಒಳಗೆ ಹೋದೆ. ನಾಲ್ಕು ಮರ್ಕ್ಯುರಿ ದೀಪಗಳು ನಾಲ್ಕು ಮಿಣುಕುಹುಳಗಳಂತೆ ಕಂಡವು. ಕಣ್ಣಿಗೆ ಬಹಳ ಹಿತವಾಯಿತು. ಬೇರೆ ಏನೂ ಕಾಣಲಿಲ್ಲ. ಕೈಗೆ ರೂಢಿ ಇದ್ದ ಕೆಲಸ, ಅಂದಾಜಿನ ಮೇಲೆ ಕುಂಡ ಎಣಿಸುತ್ತ ನೀರು ಹಾಕುತ್ತ ನಡೆದೆ. ಏಳನೆಯ ಕುಂಡ ಸ್ವಲ್ಪ ಮುಂದಕ್ಕೆ ಸರಿದಂತೆ ಅನಿಸಿತು. ಅದಕ್ಕೂ ತುಂಬ ಹಾಕಿದೆ. ಏಳನೆಯ ಕುಂಡ ಮಾತಾಡಿತು.

"ಕಾಕಾ, ಅದು ನನ್ನ ಬೂಟು," ಎಂದಿತು, ಸಾಹೇಬರ ದನಿಯಲ್ಲಿ.

ಕಪ್ಪು ಗಾಗಲ್ ತಿರುಗಿ ಭೀಮಶ್ಯಾನ ಕೈಗೆ ಹೋಯಿತು. ಅವನು ಸೋಲಲಿಲ್ಲ. ಅವನ ಅತ್ತೆಗೆ ಕಣ್ಣಿನ ಕ್ಯಾಂಪಿನಲ್ಲಿ ಮೋತಿಬಿಂದಿನ ಪೊರೆ ತೆಗೆದು, ಬಿಸಿಲಿಗೆಂದು ಹಸಿರು ಗಾಜಿನ ಗಾಗಲ್ ಕೊಟ್ಟಿದ್ದರು. ಮುದುಕಿ ಅದನ್ನು ಹಾಕಿಕೊಳ್ಳದೆ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಅದನ್ನು ತಂದ.

ಹಸಿರು ಗಾಜಿನಲ್ಲಿ ಎಲ್ಲವೂ ಕಾಣುತ್ತಿತ್ತು. ಬೂಟು ಬೂಟಾಗಿ, ಕುಂಡ ಕುಂಡವಾಗಿ. ಸಸಿಗಳು ಎಂದೂ ಕಾಣದಷ್ಟು ಹಸಿರಾಗಿ ಕಂಡವು. "ಒಂದೂ ಎಲಿ ಹಳದಿ ಇಲ್ರಿ, ಸಾಹೇಬ್ರ," ಎಂದು ದಿನಾ ಸಂಜೆ ವರದಿ ಒಪ್ಪಿಸಿದೆ. ಸಾಹೇಬರು ಕಚೇರಿಯಲ್ಲಿ ಕೂತೇ ಖುಷಿಯಾಗಿ, 'ಎಲೆ ಹಳದಿಯಾಗುವ ರೋಗ ಸಂಪೂರ್ಣ ಇಲ್ಲ' ಎಂದು ಮೇಲಿನ ಕಚೇರಿಗೆ ಪತ್ರ ಹಾಕಿದರು. ಅದು ಹೋದ ಮರುದಿನ ಭೀಮಶ್ಯಾ ಏನೋ ಕೇಳಲು ಕೋಣೆಗೆ ಬಂದ.

"ಕಾಕಾ, ನಿಮ್ಮ ತೊಗರಿ ಯಾಕ ಅರಿಶಿಣ ಹಚ್ಚಿಕೊಂಡು ಕುಂತಾವ? ಲಗ್ನ ಅದ ಏನು?"

ಗಾಗಲ್ ತೆಗೆದು ನೋಡಿದೆ. ಅರ್ಧ ಕೋಣೆ ಹಳದಿ. ನೀರು ಹೆಚ್ಚಾಗಿ ಬೇರು ಕಂಗೆಟ್ಟಿದ್ದವು. ಸಾಹೇಬರು ಬಂದು ಹಲಗೆಯ ಅಂಚಿಗೆ ಕೂತು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಸರಕಾರಕ್ಕೆ ಒಮ್ಮೆ ಹಸಿರು ಎಂದು ಬರೆದ ಮೇಲೆ ಅದು ಹಸಿರೇ. ಈಗ ಬದಲಾಗಬೇಕಾದವು ಎಲೆಗಳು. ನಾನು ನೀರು ಕಡಿಮೆ ಮಾಡಿ ಮಣ್ಣು ಕೆದಕಿ ಗಾಳಿಯಾಡಿಸಿದೆ.

"ಬೆಳಕು ಕಣ್ಣಿಗಿ ಹೊಡೀಬಾರ್ದು," ಎಂದರು ಸಾಹೇಬರು ತಲೆ ಎತ್ತದೆ. "ಖರೆ, ಎಲಿ ಎಲಿಯಂಗೇ ಕಾಣಬೇಕು. ಅಂಥದು ತರ್ರಿ. ಇಲ್ಲ, ಗೇಟು."

ಇಷ್ಟರಲ್ಲಿ ಹಸಿರು ಗಾಗಲ್ ಹಾಕಿಕೊಂಡೇ ಓಣಿಯಲ್ಲಿ ಓಡಾಡಿದ್ದರಿಂದ ನನ್ನ ಮೇಲೆ ಅನೇಕ ಅಭಿಪ್ರಾಯಗಳು ಹುಟ್ಟಿದ್ದವು. ಕಣ್ಣು ಬಂದಾವೆಂದು ಕೆಲವರು ನನ್ನ ಮುಖ ನೋಡದೆ ಮಾತಾಡಿಸಿದರು. ಆಪರೇಶನ್ ಆಗ್ಯದೆಂದು ಕೆಲವರು ಕೈ ಹಿಡಿದು ಗಟಾರ ದಾಟಿಸಿದರು. ಪಕ್ಕದ ಮನೆಯ ಅನಸುಬಾಯಿ ಮಾತ್ರ ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಗಾಗಲ್ ಇಲ್ಲದ ನನ್ನ ಕಣ್ಣು ನೋಡಿದಳು. ಒಳಗೆ ಹೋಗಿ ಎರಡು ಜೋಳದ ರೊಟ್ಟಿ ತಂದು ನನ್ನ ಕೈಯಲ್ಲಿಟ್ಟಳು. ನಾನು ಅಳುವುದನ್ನು ಮುಚ್ಚಲು ಹಸಿರು ಗಾಜು ಹಾಕಿಕೊಳ್ಳುತ್ತೇನೆಂದು ಆಕೆ ತಿಳಿದುಕೊಂಡಿದ್ದಳೆಂಬುದು ಆಮೇಲೆ ಗೊತ್ತಾಯಿತು. ರೊಟ್ಟಿ ಬಿಸಿಯಾಗಿದ್ದವು. ನಾನು ವಿಚಾರಿಸದೆ ತಿಂದೆ.

ಗುರುವಾರಕ್ಕೆ ಮೂರು ದಿನ ಉಳಿದಾಗ, ಸೋಮವಾರ, ಅಬ್ದುಲ್ ಗನಿಯ ಅಂಗಡಿಗೆ ಹೋದೆ. ಚಂದಾಪುರದ ಬಸ್ ನಿಲ್ಲುವ ಜಾಗದ ಎದುರಿಗೆ ಅವನು ಗಡಿಯಾರ, ಛತ್ರಿ, ಕನ್ನಡಕ ಮೂರನ್ನೂ ರಿಪೇರಿ ಮಾಡುತ್ತಾನೆ. ಗೋಡೆಯಲ್ಲಿ ಒಂಬತ್ತು ಗಡಿಯಾರ, ಒಂಬತ್ತು ಸಮಯ. ಯಾವುದು ಸರಿ ಎಂದು ಕೇಳಿದರೆ "ಮಸೂತಿಗಿ ಕೇಳ್ರಿ" ಎನ್ನುತ್ತಾನೆ.

ನಾನು ಕರವಸ್ತ್ರ ಬಿಚ್ಚಿ ಎರಡು ತೊಗರಿ ಎಲೆ ಮುಂದಿಟ್ಟೆ. ಒಂದು ಹಸಿರು, ಒಂದು ಹಳದಿ.

"ಭಾಯಿ, ಮಂದಿ ಓದಿ ನೋಡ್ಲಿಕ್ಕ ಪೇಪರ್ ತರ್ತಾರ," ಎಂದ ಗನಿ. "ನೀವು ಪಲ್ಯ ತಂದೀರಿ."

ವಿಷಯ ಹೇಳಿದೆ. ಅವನು ಡಬ್ಬಿಗಳನ್ನು ತೆಗೆದ. ನೀಲಿ ಗಾಜಿನಲ್ಲಿ ಎರಡೂ ಎಲೆ ವಿಷ ಕುಡಿದಂತೆ ಕಂಡವು. ಗುಲಾಬಿ ಗಾಜಿನಲ್ಲಿ ಹಳದಿ ಎಲೆ ಹಣ್ಣಾದ ಮಾವಿನಂತೆ ಕಂಡು ನನಗೆ ಹಸಿವಾಯಿತು. ಕಂದು ಗಾಜಿನಲ್ಲಿ ಎರಡೂ ಹೋದ ವರ್ಷದ ಎಲೆಗಳಾದವು. ಕೊನೆಗೆ ತಳದಿಂದ ಹೊಗೆ ಬಣ್ಣದ ಒಂದು ಗಾಜಿನ ತುಂಡು ತೆಗೆದು ನನ್ನ ಕಣ್ಣಿಗೆ ಹಿಡಿದ. ಬೆಳಕು ಇಳಿಯಿತು. ಹಸಿರು ಹಸಿರಾಗಿಯೇ ಇತ್ತು, ಹಳದಿ ಹಳದಿಯಾಗಿಯೇ ಇತ್ತು.

"ಇದೇ," ಎಂದೆ.

"ಥಾಂಬ್ರಿ." ಅವನು ನನ್ನನ್ನು ತಡೆದು ಒಂದು ಚೀಟಿ ತೋರಿಸಿದ. "ಇದು ಓದ್ರಿ."

ಕೈ ಉದ್ದ ಚಾಚಿ ಓದಲು ನೋಡಿದೆ. ಕೈ ಸಾಲಲಿಲ್ಲ.

"ಕುಂಡದ ಮ್ಯಾಲಿನ ನಂಬರ ಇಷ್ಟು ದಿನ ಹ್ಯಾಂಗ ಓದಿದ್ರಿ?"

"ಅಂದಾಜು."

"ಅಲ್ಲಾ ನಿಮ್ಮ ಸರಕಾರಾನ ಕಾಪಾಡ್ಲಿ. ನಿಮಗ ಚಾಳೀಸ ಬಂದು ಹತ್ತು ವರ್ಷ ಆಗ್ಯದ ಭಾಯಿ. ಹೊಗಿ ಗಾಜಿನ್ಯಾಗೇ ನಂಬರ ಕೂಡಿಸಿ ಚಾಳೀಸ ಮಾಡಿಕೊಡ್ತೀನಿ. ಗುಲಬರ್ಗಾದಿಂದ ಗಾಜು ತರಸ್ತೀನಿ. ಬಾಜೂಕ ಚರ್ಮ ಹೊಲೀತೀನಿ, ಟಾಂಗಾ ಕುದುರಿ ಕಣ್ಣಿಗಿ ಕಟ್ಟಿದಂಗ. ಗುರುವಾರ ಮುಂಜಾನಿ ಬರ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಓದುವ ಕನ್ನಡಕಕ್ಕೆ ಚಾಳೀಸ ಎನ್ನುತ್ತಾರೆ. ನಲವತ್ತು ದಾಟಿದ ಮೇಲೆ ಬರುತ್ತದೆಂದು ಆ ಹೆಸರು. ಮುಸಲ್ಮಾನರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಲವತ್ತನೆಯ ದಿನದ ಫಾತಿಹಾ ಓದಿಸಿ ಊಟ ಹಾಕುತ್ತಾರೆ. ಅದಕ್ಕೂ ಚಾಳೀಸ ಎಂದೇ ಹೆಸರು. ಐವತ್ತಾರು ವರ್ಷ ಈ ಎರಡೂ ಶಬ್ದಗಳ ನಡುವೆ ಸುಖವಾಗಿ ಬದುಕಿದ ನನಗೆ ಆ ಸೋಮವಾರ ಸಂಜೆ ಎರಡನೆಯದು ನೆನಪಾಗಲಿಲ್ಲ.

ಮನೆಯ ಮುಂದೆ ಅನಸುಬಾಯಿ ಅಕ್ಕಿ ಹಸನು ಮಾಡುತ್ತಿದ್ದಳು. ಬಹಳ ದಿನದ ಮೇಲೆ ನನ್ನ ಮುಖ ಹಗುರಾದದ್ದನ್ನು ನೋಡಿ ಕೇಳಿದಳು:

"ಎಲ್ಲಿ ಹೋಗಿದ್ರಿ ಲಾಲಣ್ಣ?"

"ಗನಿ ಅಂಗಡಿಗಿ. ಗುರುವಾರ ಚಾಳೀಸ."

ಆಕೆಯ ಮೊರ ನಿಂತಿತು.

"ಗುರುವಾರೇ? ಏನೂ ಹೇಳಲಿಲ್ಲ ನೀವು."

"ಇದರಾಗ ಹೇಳೂದೇನದ ಬಾಯಿ? ಎಲ್ಲಾ ಗನಿ ಮಾಡಿಕೊಡ್ತಾನ."

"ಅಂವ ಒಬ್ಬನೇ?"

"ಅಂವಗ ರೂಢಿ ಅದ. ನಾ ಒಂದೇ ಮಾತು ಹೇಳೀನಿ. ಹಸಿರಿಂದು ಬ್ಯಾಡ, ನೋಡಿ ಸಾಕಾಗ್ಯದ. ಹಳದೀದು ಹಳದೀನೇ ಇರಬೇಕು."

ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಆಯ್ತು," ಎಂದಳು. ಹೆಸರುಬೇಳೆಯ ಖಿಚಡಿ ಬೇಡ, ತೊಗರಿಬೇಳೆಯದೇ ಆಗಬೇಕು ಎಂದು ಆಕೆ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

"ಇದೊಂದು ಮುಗದ್ರ ನನಗ ಸಮಾಧಾನ," ಎಂದು ನಾನು ಒಳಗೆ ಹೋದೆ. ಹಿಂದೆ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು. ಅಕ್ಕಿಯ ಧೂಳಿರಬೇಕೆಂದುಕೊಂ​ಡೆ.

ಮಂಗಳವಾರ ಭೀಮಶ್ಯಾ ನನ್ನ ಕೈಯಿಂದ ನೀರಿನ ಡಬ್ಬಿ ಕಸಿದುಕೊಂಡು ತಾನೇ ಹೊತ್ತ.

"ಕಾಕಾ, ಗುರುವಾರದ ಕಟ್ಟಿಗಿ ನಂದು."

"ಕಟ್ಟಿಗಿ ಯಾಕೋ? ಕಟ್ಟಿಗೀದು ಯಾರು ಮಾಡ್ತಾರ? ಬರೇ ತಂತಿ ಮ್ಯಾಲೆ ಮಾಡ್ತೀನಂದಾನ ಗನಿ."

ಭೀಮಶ್ಯಾ ಬಾಯಿ ತೆರೆದು ನಿಂತ. ಅಂದು ಸಂಜೆಯ ಹೊತ್ತಿಗೆ ಚಂದಾಪುರದಲ್ಲೆಲ್ಲಾ ಸುದ್ದಿ ಹರಡಿತು: ಅಬ್ದುಲ್ ಗನಿ ಇಡೀ ಚಾಳೀಸದ ಅಡಿಗೆಯನ್ನು ಕರೆಂಟಿನ ತಂತಿ ಒಲೆಯ ಮೇಲೆ ಮಾಡುತ್ತಾನಂತೆ. ಬುಧವಾರ ಭೀಮಶ್ಯಾ ವೆಲ್ಡಿಂಗ್ ಗಾಗಲ್ ತಿರುಗಿ ಕೊಡಲು ಶಹಾಬಾದಿಗೆ ಹೋದವನು, ಅಲ್ಲಿದ್ದ ತಾಜುನ್ನಿಸಾಳ ಅಕ್ಕ ಹಮೀದಾಬೇಗಮಳ ಮನೆಯನ್ನು ಕೇಳಿಕೊಂಡು ಹೋಗಿ, ನನ್ನ ಪರವಾಗಿ ಚಾಳೀಸಕ್ಕೆ ಬರಬೇಕೆಂದು ಬುಲಾವು ಕೊಟ್ಟು ಬಂದ.

ಸೂರ್ಯಕಾಂತ ಸಾಹೇಬರೂ ನನ್ನನ್ನು ಕಚೇರಿಗೆ ಕರೆದು ಎಂದೂ ಹೇಳದ ಮಾತು ಹೇಳಿದರು: "ಕುಂದ್ರಿ ಕಾಕಾ." ಕೂತೆ. "ಗುರುವಾರ ತಪಾಸಣಿ ಮುಗಿಸಿ ನಾನೂ ಬರ್ತೀನಿ ಚಾಳೀಸಕ್ಕ."

"ನೀವ್ಯಾಕ್ರಿ ಸಾಹೇಬ್ರ? ತಪಾಸಣಿಕ್ಕಿಂತ ಮೊದಲೇ ನಾ ಅದನ್ನ ಮುಗಿಸಿಕೊಂಡು ಬರ್ತೀನಿ. ಐದು ಮಿನಿಟಿನ ಕೆಲಸ."

ಸಾಹೇಬರು ಬಹಳ ಹೊತ್ತು ನನ್ನನ್ನೇ ನೋಡಿದರು. ಅಂಥ ವೈರಾಗ್ಯವನ್ನು ಅವರು ಪುಸ್ತಕದಲ್ಲಿ ಮಾತ್ರ ಓದಿದ್ದರಂತೆ.

ಗುರುವಾರ ಮುಂಜಾನೆ ಗನಿ ಚಾಳೀಸ ಸಿದ್ಧ ಮಾಡಿಟ್ಟಿದ್ದ. ಬದಿಗೆ ಚರ್ಮ, ಹಿಂದೆ ಕಟ್ಟಲು ದಾರ. "ಭಾಯಿ," ಎಂದ, "ಎರಡು ದಿನದಿಂದ ಮಂದಿ ಬಂದು ಗುರುವಾರ ಎಷ್ಟು ಸೇರು ಅಂತ ಕೇಳಾಕತ್ತಾರ. ಗಾಜು ಸೇರಿನ್ಯಾಗ ಅಳೀತಾರೇನು?" ಊರಿಗೆ ಏನೋ ಆಗಿದೆ ಎಂದು ಇಬ್ಬರೂ ಮಾತಾಡಿಕೊಂಡೆವು.

ಹತ್ತು ಗಂಟೆಗೆ ದೊಡ್ಡ ಸಾಹೇಬರು ಬಂದರು. ದೀಪದ ಕೋಣೆಗೆ ಕಾಲಿಟ್ಟವರೇ ಕಣ್ಣು ಮುಚ್ಚಿಕೊಂಡು ಹೊರಗೆ ಬಂದು, ನನ್ನ ಚಾಳೀಸ ಇಸಿದುಕೊಂಡು ಹಾಕಿ ಮತ್ತೆ ಒಳಗೆ ಹೋದರು. ಎಲೆಗಳು ಬಹುಮಟ್ಟಿಗೆ ಚೇತರಿಸಿಕೊಂಡಿದ್ದವು. ಮೂಲೆಯ ಮೂರು ಕುಂಡ ಇನ್ನೂ ಹಳದಿ.

"ರಿಪೋರ್ಟಿನಲ್ಲಿ ಹಳದಿ ಇಲ್ಲ ಎಂದಿದೆ," ಎಂದರು.

ಸೂರ್ಯಕಾಂತ ಸಾಹೇಬರು ಚಾವಣಿ ನೋಡಿದರು. ನಾನು ಸುಳ್ಳು ಹೇಳಲಾರದೆ ಹೇಳಿದೆ: "ಆ ರಿಪೋರ್ಟು ಹಸಿರು ಗಾಜಿನ್ಯಾಗ ನೋಡಿ ಬರದದ್ರಿ. ಇದು ಹೊಗಿ ಗಾಜು."

ದೊಡ್ಡ ಸಾಹೇಬರು ಇವೆರಡನ್ನೂ ಹೊಸ ಪರೀಕ್ಷಾ ವಿಧಾನಗಳೆಂದು ತಿಳಿದು ಡೈರಿಯಲ್ಲಿ ಬರೆದುಕೊಂಡರು. ಹೋಗುವಾಗ ಚಾಳೀಸ ನನಗೆ ತಿರುಗಿ ಕೊಟ್ಟು, "ಈ ಕೋಣೆ ಇವರ ಕೈಯಲ್ಲೇ ಇರಲಿ. ಮುಂದೆ ದೀಪಗಳನ್ನು ಹೆಚ್ಚಿಸೋಣ," ಎಂದರು. ನನಗೆ ಬೇಕಾದದ್ದು ಸಿಕ್ಕಿತು. ಗೇಟಿಲ್ಲ, ಎರಡು ಗಂಟೆಗೆ ಮನೆಯಿಲ್ಲ. ನಾನು ಚಾಳೀಸ ಕಟ್ಟಿಕೊಂಡು ಅಲ್ಲಿಯೇ ನಿಂತು ಅಲ್ಲಾಹನಿಗೆ ಶುಕ್ರ್ ಹೇಳಿದೆ.

ಅಷ್ಟರಲ್ಲಿ ಭೀಮಶ್ಯಾ ಬಂದು ನನ್ನ ತೋಳು ಹಿಡಿದ. "ನಡೀರಿ ಕಾಕಾ. ಮಂದಿ ಕುಂತಾರ."

ಎಲ್ಲಿ, ಯಾಕೆ ಎಂದರೆ ಹೇಳಲಿಲ್ಲ. ನಮ್ಮ ಓಣಿಯಲ್ಲಿ ಜಮಖಾನ ಹಾಸಿ ಮೂವತ್ತು ನಲವತ್ತು ಮಂದಿ ಟೋಪಿ ಹಾಕಿಕೊಂಡು ಕೂತಿದ್ದರು. ಮೌಲ್ವಿ ಸಾಹೇಬರಿದ್ದರು. ಊದಿನ ಹೊಗೆ ಏಳುತ್ತಿತ್ತು. ಅನಸುಬಾಯಿಯ ಅಂಗಳದಲ್ಲಿ ದೊಡ್ಡ ಡೇಗು ಕುದಿಯುತ್ತಿತ್ತು. ನಾನು ಭೀಮಶ್ಯಾನ ಕಿವಿಯಲ್ಲಿ ಮೆಲ್ಲಗೆ ಕೇಳಿದೆ:

"ಯಾರು ತೀರಿಕೊಂಡ್ರೋ?"

ಭೀಮಶ್ಯಾ ನನ್ನ ಹೆಗಲ ಮೇಲೆ ಕೈ ಇಟ್ಟು ಅತ್ತ ಮುಖ ಮಾಡಿದ.

ಬಾಗಿಲಿನಿಂದ ಹಮೀದಾ ಆಪಾ ಹೊರಗೆ ಬಂದಳು. ಮಣ್ಣು ಕೊಟ್ಟ ಮೂರನೆಯ ದಿನ "ನಿನ್ನ ಕಣ್ಣಾಗ ಹನಿ ನೀರಿಲ್ಲ" ಎಂದು ಹೇಳಿ ಬಸ್ಸು ಹತ್ತಿದವಳು ಅಂದೇ ತಿರುಗಿ ಬಂದದ್ದು. ಮನೆಯಲ್ಲಿ ನಾವು ಆಡುವುದು ದಖ್ಖನಿ. ಆದರೆ ಆಪಾ ಶಹಾಬಾದಿನ ಕಲ್ಲುಖಣಿಯವರ ಓಣಿಯಲ್ಲಿ ಬೆಳೆದವಳು. ಬೈಯುವುದಿದ್ದರೆ ಕನ್ನಡಕ್ಕೇ ಬರುತ್ತಾಳೆ, ಅದರಲ್ಲಿ ಆಕೆಗೆ ನಾಲಿಗೆ ಸರಾಗ.

"ಲಾಲೂಮಿಯಾ, ಹೆಂಡತಿ ಚಾಳೀಸಕ್ಕ ಕುದುರಿ ವೇಷ ಹಾಕಿಕೊಂಡು ಬಂದೀಯಲ್ಲ, ಏನಂತಾರ ನಿನಗ?"

ಆಗ ನನಗೆ ತಿಳಿಯಿತು. ಜಮಖಾನ, ಡೇಗು, ಕಟ್ಟಿಗೆ, ಸೇರು, ಎಲ್ಲಾ ಒಮ್ಮೆಗೇ ಸಾಲಾಗಿ ಬಂದು ನಿಂತವು. ನಾನು ಮೂಗಿನ ಮೇಲಿದ್ದ ಕನ್ನಡಕಕ್ಕೆ ಬೆರಳಿಟ್ಟೆ.

"ಆಪಾ, ನಾ ಚಾಳೀಸ ಅಂದದ್ದು ಇದಕ್ಕ."

ಡೇಗಿನ ಮುಚ್ಚಳ ಮಾತ್ರ ಟಕಟಕ ಎನ್ನುತ್ತಿತ್ತು. ಹಿಂದಿನಿಂದ ಅಬ್ದುಲ್ ಗನಿ, "ಖರೆ ಅದ್ರಿ. ನಾನೇ ಮಾಡೀನಿ. ನಂಬರನೂ ಹಾಕೀನಿ," ಎಂದ. ಜಮಖಾನದ ಕೊನೆಗೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಕೆಮ್ಮು ಸಾಲು ಹಿಡಿದು ಮುಂದೆ ಬಂದಿತು. ಮೌಲ್ವಿ ಸಾಹೇಬರೂ ಒಮ್ಮೆ ಕೆಮ್ಮಿದರು.

"ಹಸಿರು ಬ್ಯಾಡ ಅಂದಿದ್ರಿ," ಎಂದಳು ಅನಸುಬಾಯಿ, ಅಳುವ ದನಿಯಲ್ಲಿ. "ನಾ ಮೂರು ಸೇರು ತೊಗರಿಬ್ಯಾಳಿ ಹಾಕಿಬಿಟ್ಟೀನಿ."

ಆಪಾ ಮಾತ್ರ ನಗಲಿಲ್ಲ. "ಅಂದ್ರ ನಮ್ಮ ತಾಜೂಂದು ಚಾಳೀಸ ಮಾಡೂ ವಿಚಾರನೇ ನಿನಗಿದ್ದಿಲ್ಲ."

"ಇನ್ನೂ ದಿನ ಅವ, ಆಪಾ. ಇವತ್ತಿಗಿ ಮೂವತ್ತೇ ಆಗ್ಯಾವ."

"ಮೂವತ್ತೇಳು."

ನಾನು ಮೌಲ್ವಿ ಸಾಹೇಬರ ಕಡೆ ನೋಡಿದೆ. ಅವರು ಬೆರಳು ಮಡಚಿ ಎಣಿಸಿದರು. "ಮೂವತ್ತೇಳು ಬರೋಬ್ಬರಿ. ಇಂದಿಗೆ ಫಾತಿಹಾ ಓದಿದ್ರೂ ನಡೀತದ, ಗುರುವಾರ ಅದ."

ಒಂದು ಇಡೀ ವಾರ ನನ್ನ ಕೈಯಿಂದ ಎಲ್ಲೋ ಬಿದ್ದುಹೋಗಿತ್ತು. ಆ ಕೋಣೆಯಲ್ಲಿ ಹೊತ್ತು ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಆಯಿತವಾರವೂ ಹೋಗುತ್ತಿದ್ದರಿಂದ ಒಂದು ವಾರಕ್ಕೂ ಇನ್ನೊಂದಕ್ಕೂ ನಡುವೆ ಗೆರೆ ಇರಲಿಲ್ಲ.

ಫಾತಿಹಾ ಆಯಿತು. ಎಲ್ಲರೂ ಉಂಡರು. ಖಿಚಡಿ ಚೆನ್ನಾಗಿತ್ತು ಎಂದರು. ಕರೆಂಟಿನ ಮೇಲೆ ಮಾಡಿದ್ದರೆ ಈ ರುಚಿ ಬರುತ್ತಿರಲಿಲ್ಲ ಎಂದು ಇಬ್ಬರು ಗನಿಗೆ ಬುದ್ಧಿ ಹೇಳಿದರು.

ಮಂದಿ ಏಳುವ ಹೊತ್ತಿಗೆ ಆಪಾ ನನ್ನನ್ನು ಒಳಗೆ ಕರೆದಳು. ಒಲೆಯ ಬೂದಿಯ ಮೇಲೆ ಜೇಡ ಬಲೆ ಕಟ್ಟಿತ್ತು. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಅದು ತಗಿ ಕಣ್ಣಿಂದ."

ತೆಗೆದೆ. ಆಕೆ ಬಹಳ ಹೊತ್ತು ನೋಡಿದಳು. "ಇಷ್ಟು ಅತ್ತೀಯೇನೋ?" ಎಂದಳು. ದನಿ ಬೇರೆಯಾಗಿತ್ತು.

"ಇಲ್ಲ ಆಪಾ. ಫಾರ್ಮಿನಾಗ ದೊಡ್ಡ ದೀಪ ಅವ. ಅದಕ್ಕ ಹಿಂಗಾಗ್ಯಾವ."

ಆಕೆ ನಂಬಲಿಲ್ಲ. ಆಪಾ ನನ್ನ ಬಗ್ಗೆ ಒಳ್ಳೆಯದನ್ನು ತಿಳಿದದ್ದು ಅದೇ ಮೊದಲು, ಅದೂ ನಾನು ನಿಜ ಹೇಳಿದಾಗ.

"ಮನಿಯಾಗ ಇರೂದಿಲ್ಲೇನು ನೀ?"

"ಮುಂಜಾನಿ ಹೋದ್ರ ಸಂಜಿಗೇ ಬರೂದು. ಬಂದು ಮಲಗ್ತೀನಿ."

"ದಿನಾ?"

"ದಿನಾ."

ಆಪಾ ಒಲೆಯ ಮುಂದೆ ಕೂತು ಸೆರಗಿನ ತುದಿಯಿಂದ ಬಲೆ ತೆಗೆದಳು. ಈ ಸಲ ಬೈಯಲಿಲ್ಲ. ನೆಲ ನೋಡಿಕೊಂಡು ಹೇಳಿದಳು: "ಹೋದವರು ನಲವತ್ತು ದಿನ ಮನಿಗಿ ಬಂದು ಹೋಗ್ತಾರಂತ ನಮ್ಮ ಅಮ್ಮಾ ಹೇಳ್ತಿದ್ದಳು. ಪಾಪ, ದಿನಾ ಬಂದು ನೋಡಿರ್ತಾಳ ತಾಜೂ. ನೀ ಇಲ್ಲ. ಮಾತಾಡಲಿಕ್ಕ ಯಾರೂ ಇಲ್ಲ ಅಕಿಗಿ."

ನಾನು ಹೊರಗೆ ಬಂದು ಮೌಲ್ವಿ ಸಾಹೇಬರನ್ನು ಕೇಳಿದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು: "ಕಿತಾಬಿನ್ಯಾಗ ಹಂಗ ಇಲ್ಲ, ಲಾಲ್ ಅಹ್ಮದ್. ಹೆಣ್ಣುಮಕ್ಕಳ ಮಾತದು." ಎರಡು ಹೆಜ್ಜೆ ಹೋಗಿ ನಿಂತರು. "ಆದ್ರ ಮನಿಯಾಗ ಕುಂತು ಅಕಿ ಹೆಸರಿಲೆ ದುವಾ ಮಾಡಬ್ಯಾಡ ಅಂತನೂ ಎಲ್ಲೂ ಇಲ್ಲ."

ಕಿತಾಬಿನಲ್ಲಿ ಇಲ್ಲವೆಂಬುದು ನನಗೂ ಗೊತ್ತಿತ್ತು. ಸೂರ್ಯಕಾಂತ ಸಾಹೇಬರು ಕಟ್ಟೆಯ ಬಳಿ ಕೈ ತೊಳೆಯುತ್ತಿದ್ದರು. ಹತ್ತಿರ ಹೋಗಿ ನಿಂತೆ.

"ಸಾಹೇಬ್ರ, ಮೂರು ದಿನ ರಜಾ ಬೇಕಾಗಿತ್ತು."

"ಇವತ್ತೇ ಕೋಣಿ ನಿಮಗ ಖಾಯಂ ಆಗ್ಯದ. ಇವತ್ತೇ ರಜಾ?"

"ಮೂರೇ ದಿನ. ಆಯಿತವಾರದ ತನಕ."

"ಆಯಿತವಾರ ರಜಾನೇ ಇರ್ತದ ಕಾಕಾ. ಇಷ್ಟು ದಿನ ನೀವೇ ತಗೊಂಡಿಲ್ಲ." ಸಾಹೇಬರು ಕಿಸೆಯಿಂದ ಪೆನ್ನು ಹಾಳೆ ತೆಗೆದರು; ಇಂಥ ವಿಷಯದಲ್ಲಿ ಅವರು ತಡ ಮಾಡುವವರಲ್ಲ. "ಕಾರಣ ಏನಂತ ಬರೀಲಿ? ಆರಾಮಿಲ್ಲೇನು?"

"ಆರಾಮ ಅದೀನ್ರಿ."

"ಊರಿಗಿ ಹೋಗ್ತೀರೇನು?"

"ಎಲ್ಲೂ ಹೋಗಂಗಿಲ್ರಿ. ಮನಿಯಾಗೇ ಇರ್ತೀನಿ."

"ಅದಕ್ಕ ರಜಾ ಕೊಡೂ ಕಾನೂನಿಲ್ಲ ಕಾಕಾ. ಏನರೆ ಕಾರಣ ಬೇಕು."

ನಾನು ಮನೆಯ ಬಾಗಿಲ ಕಡೆ ನೋಡಿದೆ. ಅವರು ಒಳಗೆ ಒಲೆಯ ಮುಂದೆ ಕೂತಿದ್ದ ಆಪಾಳನ್ನೊಮ್ಮೆ ನೋಡಿದರು. ಆಮೇಲೆ ಗೋಡೆಗೆ ಹಾಳೆ ಇಟ್ಟು ಬರೆದರು. ಹೊಸ ಚಾಳೀಸ ಹಾಕಿಕೊಂಡು ನಾನೇ ಓದಿದೆ: 'ಅರ್ಜಿದಾರರ ಮನೆಗೆ ಬರುವವರಿದ್ದಾರೆ.'

ಶುಕ್ರವಾರ ಮನೆ ಗುಡಿಸಿದೆ. ಜುಮ್ಮಾ ನಮಾಜಿಗೆ ಹೋಗಿದ್ದಷ್ಟೇ ಹೊತ್ತು ಹೊರಗೆ. ಉಳಿದ ಹೊತ್ತು ಒಳಗೆ ಕೂತೆ. ಮಾತಾಡಿ ರೂಢಿ ಇಲ್ಲದವನಿಗೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ. ಸುಮಾರು ಹೊತ್ತಾದ ಮೇಲೆ, "ಅನಸುಬಾಯಿ ಆಡು ಈಯ್ದದ," ಎಂದೆ. "ಎರಡು ಮರಿ. ಒಂದು ಪೂರಾ ಕರೀದು." ಅಲ್ಲಿಗೆ ಮಾತು ಮುಗಿಯಿತು.

ಶನಿವಾರ ಹೆಚ್ಚು ಸರಾಗವಾಯಿತು. ದೀಪದ ಕೋಣೆಯ ಕಥೆ ಹೇಳಿದೆ, ಬೂಟಿಗೆ ನೀರು ಹಾಕಿದ್ದು ಹೇಳಿದೆ, ಹಳದಿ ತೊಗರಿ, ಗನಿಯ ಒಂಬತ್ತು ಗಡಿಯಾರ. ಆಪಾ ಬೈದದ್ದನ್ನು ಪೂರ್ತಿ ಹೇಳಲಿಲ್ಲ. ಅಕ್ಕತಂಗಿಯರ ನಡುವೆ ನಾನೇಕೆ ಬರಲಿ. ನಿಲ್ಲಿಸಿದಾಗ ಕಿವಿಗೊಟ್ಟು ಕೇಳುತ್ತಿದ್ದೆ. 'ಹ್ಞೂಂ' ಎನ್ನುವ ಕೆಲಸ ಎಷ್ಟು ದೊಡ್ಡದೆಂದು ಅಂದು ಗೊತ್ತಾಯಿತು. ಅದನ್ನು ಮಾಡುವವರು ಯಾರೂ ಇರಲಿಲ್ಲ.

ಆಯಿತವಾರ ಹೇಳುವುದೆಲ್ಲಾ ಮುಗಿದಿತ್ತು. ಕುರಾನಿನ ಯಾಸೀನ್ ಓದಿದೆ. ಮಧ್ಯಾಹ್ನ ಒಲೆ ಹೊತ್ತಿಸಿ ಚಾ ಇಟ್ಟೆ. ಬಾಗಿಲು ತೆರೆದೇ ಇಟ್ಟು ಎದುರಿಗೆ ಕೂತೆ. ಬಿಸಿಲು ಹೊಸ್ತಿಲ ಮೇಲಿಂದ ಇಳಿದು, ಅಂಗಳ ದಾಟಿ, ಅನಸುಬಾಯಿಯ ಗೋಡೆ ಹತ್ತಿ ಹೋಯಿತು. ಬಹಳ ದಿನದ ಮೇಲೆ ಹೊತ್ತು ಮುಳುಗುವುದನ್ನು ಕೂತು ನೋಡಿದೆ.

ಮಗ್ರಿಬಿನ ಅಜಾನ್ ಕೂಗಿತು. ನಮ್ಮಲ್ಲಿ ಹೊತ್ತು ಮುಳುಗಿದಾಗ ದಿನ ಮುಗಿದಂತೆ, ನಲವತ್ತು ತುಂಬಿತು. ನಾನು ಎದ್ದೆ. ಮನೆಯಿಂದ ಯಾರಾದರೂ ಹೊರಟರೆ ಕೂತಲ್ಲಿಂದಲೇ ಹೋಗಿ ಬರ್ರಿ ಎನ್ನುವ ರೂಢಿ ನಮ್ಮದಲ್ಲ. ಬಾಗಿಲ ತನಕ ಹೋದೆ, ಅಂಗಳ ಇಳಿದೆ, ಓಣಿಯ ತಿರುವಿನವರೆಗೆ ನಡೆದು ಸ್ವಲ್ಪ ಹೊತ್ತು ನಿಂತು ತಿರುಗಿ ಬಂದೆ.

ಅನಸುಬಾಯಿ ಆಡಿಗೆ ಸೊಪ್ಪು ಹಾಕುತ್ತಿದ್ದವಳು ತಲೆ ಎತ್ತಿದಳು.

"ಯಾರು ಬಂದಿದ್ರು ಲಾಲಣ್ಣ?"

"ನಮ್ಮ ಮನಿಯವರು."

ಆಕೆ ಓಣಿಯ ತಿರುವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿ, ಯಾವ ಮನೆಯ ಬೀಗರು ಬಂದು ಹೋದರೂ ಕೇಳುವಂತೆ ಕೇಳಿದಳು:

"ಚಾ ಕುಡದ್ರೇನು?"

"ಮಾಡಿದ್ದೆ," ಎಂದೆ. "ನಿಲ್ಲಲಿಲ್ಲ."